ಆರನೆಯ ಪ್ರತಿ

ಜ್ಞಾನಭಾರತಿಯ ಗೇಟಿನೆದುರು,
ಜ್ಯೂಸಿನಂಗಡಿಗೂ ಜೆರಾಕ್ಸಿಗೂ ನಡುವೆ
ಆರಡಿ ಅಗಲದ ಅಂಗಡಿ ನನ್ನದು.
ಇಪ್ಪತ್ತಾರು ವರ್ಷದಿಂದ ಬೈಂಡು ಹಾಕುತ್ತಿದ್ದೇನೆ
ಬೇರೆಯವರ ವಿದ್ಯೆಗೆ.
ಒಳಗೇನಿದೆ ಕೇಳಬೇಡಿ. ಪುಟದ ನಂಬರು ನೋಡುತ್ತೇನೆ,
ತಲೆಕೆಳಗಾದ ಹಾಳೆ ತಿರುಗಿಸುತ್ತೇನೆ,
ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸುತ್ತೇನೆ
ಹುಳ ಹಿಡಿಯದಿರಲಿ ಅಂತ.

ಅವತ್ತು ಒಬ್ಬಳು ಬಂದಳು, ಗುಂಗುರು ಕೂದಲು ಎತ್ತಿ ಕಟ್ಟಿ
ಹಾಳೆಯ ಗಂಟು ಎದೆಗವಚಿಕೊಂಡು.
ನನಗಿದ್ದ ನಾಲ್ಕು ಮಾತಿನ ಇಂಗ್ಲಿಷಿನಲ್ಲಿ
ವಿಚ್ ಕಂಟ್ರಿ ಮೇಡಂ, ಅಂದೆ.
"ಹಳಿಯಾಳ ತಾಲೂಕು ರೀ ಅಣ್ಣಾ" ಅಂದಳು,
"ಹೊಲಿಗಿ ಸಡ್ಲ ಆಗಬಾರ್ದು ನೋಡ್ರಿ."
ಜ್ಯೂಸಿನವನು ನಕ್ಕ.
ಅವಳು ನಗಲಿಲ್ಲ, ಸಿಟ್ಟೂ ಆಗಲಿಲ್ಲ.
ಬಸ್ ಪಾಸು ತೋರಿಸುವ ಹಾಗೆ
ತೋರಿಸಿದ್ದಳು ಊರ ಹೆಸರು, ಎಷ್ಟನೇ ಸಲವೋ.

ಮರ್ಸೆಲಾ ಇನಾಸ್ ಸಿದ್ದಿ. ಸಂಖ್ಯಾಶಾಸ್ತ್ರ.
ಇನ್ನೂರ ಎಂಬತ್ತೆರಡು ಪುಟ, ಅರ್ಧಕ್ಕರ್ಧ ಬರೀ ಚಿಹ್ನೆ,
ಇರುವೆ ಸಾಲು ಹೊರಟ ಹಾಗೆ.
ಅಂಟು ಆರುವಷ್ಟರಲ್ಲಿ ಹೇಳಿದಳು:
"ಕಾಲೇಜ್ ಡೇ ಬಂತಂದ್ರ ನಮ್ಮನ್ನ ಕುಣೀರಿ ಅಂತಾರ್ರೀ.
ಕುಣೀತೀವಿ. ಚಲೋನ ಕುಣೀತೀವಿ.
ಲೆಕ್ಕ ಬರ್ತದೇನು ಅಂತ ಒಬ್ರೂ ಕೇಳಿಲ್ಲ."

ಬೆನ್ನಿನ ಮೇಲೆ ಅಕ್ಷರ ಹಿಡಿಸಲಿಲ್ಲ.
ಸಿದ್ದಿ ಬಿಡೋಣವಾ, ಬರೀ ಎಸ್ ಹಾಕೋಣವಾ, ಅಂದೆ.
ಪೆನ್ಸಿಲು ಇಸಿದುಕೊಂಡು
ಪ್ರಬಂಧದ ತಲೆಬರಹಕ್ಕೇ ಗೀಟೆಳೆದಳು.
"ಇದನ್ನ ಸಣ್ಣದ ಮಾಡ್ರಿ. ಅದು ಹಂಗ ಇರ್ಲಿ."
ಕಪ್ಪು ರೆಕ್ಸಿನ್ನಿನ ಮೇಲೆ ಬಿಸಿ ಅಚ್ಚು ಒತ್ತಿದೆ.
ಒಂದೆಳೆ ಹೊಗೆ. ಹೊನ್ನು ಕಚ್ಚಿಕೊಂಡಿತು.
ಐದು ಪ್ರತಿ ಯೂನಿವರ್ಸಿಟಿಗೆ,
ಒಂದು ಹೆಚ್ಚಿಗೆ ಇರಲಿ ಅಂದಿದ್ದಳು, ಯಾಕೆಂದು ಹೇಳಿರಲಿಲ್ಲ.

ವೈವಾ ಮುಗಿದ ಗುರುವಾರ ಸಂಜೆ ನನ್ನಂಗಡಿಯೆದುರು ಗದ್ದಲ.
ಟಾಂಜಾನಿಯಾದ ನೀಮಾ, ನನ್ನನ್ನು ಫುಂಡಿ ಅನ್ನುವವಳು,
ಕೈಕಸುಬಿನವನು ಅಂತ ಅರ್ಥವಂತೆ ಅವರ ಮಾತಲ್ಲಿ;
ಕಾಂಗೋದ ಕಬೊಂಗೊ, ದೊಡ್ಡ ಪಾತ್ರೆ ಅನ್ನದ ಜೊತೆ
ಆಟೋದವನೊಡನೆ ಕನ್ನಡದಲ್ಲೇ ಜಗಳ ಮುಗಿಸಿ ಇಳಿದ;
ಯಲ್ಲಾಪುರದ ಕಡೆಯ ಇಬ್ಬರು ಬಿ.ಎಡ್ ಹುಡುಗರು,
ಮರ್ಸೆಲಾಳನ್ನು ಅಕ್ಕ ಅನ್ನುತ್ತ, ಸುಮ್ಮನೆ ನಗುತ್ತ;
ಸುಡಾನಿನ ಇದ್ರೀಸ್.

ಇದ್ರೀಸ್ ಹೋದ ಜೂನಿನಲ್ಲಿ ಬಾಡಿಗೆಗೆ ಕೇಳಿ ಬಂದಿದ್ದ.
ಮೇಲಿನ ರೂಮು ಖಾಲಿಯಿತ್ತು.
ಇಲ್ಲ ಅಂದಿದ್ದೆ.
ಈಗ ಆ ಪ್ರತಿಯನ್ನು ಕೂಸಿನ ಹಾಗೆ ಎತ್ತಿಕೊಂಡು
ಕೈಯಿಂದ ಕೈಗೆ ದಾಟಿಸುತ್ತ
ಡಾಕ್ಟರ್! ಡಾಕ್ಟರ್! ಅಂತ ಕೂಗಿದ,
ನಾಗರಬಾವಿವರೆಗೂ ಕೇಳಲಿ ಅನ್ನುವ ಹಾಗೆ.
ನನ್ನ ತಟ್ಟೆಗೇ ಮೊದಲು ಬಡಿಸಿದ.
ರೂಮಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.
ಸಾರಿಗೆ ಖಾರ ಜಾಸ್ತಿಯಿತ್ತು,
ಕಣ್ಣೊರೆಸಿಕೊಳ್ಳಲು ಅನುಕೂಲವಾಯಿತು.

ಎಲ್ಲರೂ ಹೊರಟ ಮೇಲೆ
ಮರ್ಸೆಲಾ ಪ್ರತಿಯನ್ನು ಮೇಜಿನ ಮೇಲಿಟ್ಟಳು.
"ಇದು ಅವ್ವಗ. ಬೆಳಿಗ್ಗಿ ಬಸ್ಸಿಗೆ ಒಯ್ತೀನಿ.
ಅಕಿಗೆ ಓದಾಕ ಬರೂದಿಲ್ರಿ, ಕೌದಿ ಹೊಲೀತಾಳ.
ಮೂಲಿಗೆ ಹೂ ಹಚ್ಚಿ, ಒಳಗ ನಾಕು ಅಕ್ಕಿಕಾಳು ಇಟ್ಟು,
ಕೌದಿ ಹಸಕೊಂಡು ಇರಬಾರ್ದು ಅಂತ.
ಅಕಿ ನೋಡೂದು ಹೊಲಿಗಿ ಅಷ್ಟ."

ಮೈಸೂರು ರಸ್ತೆಯ ಮೇಲೆ ಕೊನೆಯ ಮೆಟ್ರೋ ಹೋಯಿತು.
ಶಟರು ಅರ್ಧ ಎಳೆದು ಕೂತೆ.
ಮಿಷನ್ನು ಹಾಕಿದ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚಿದೆ.
ದಬ್ಬಣ, ಮೇಣ ತೀಡಿದ ದಾರ.
ಮೊದಲ ಪುಟದಿಂದ ಮತ್ತೆ ಶುರು ಮಾಡಿದೆ,
ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ
ಓದಬಲ್ಲವರಿಗಾಗಿ.

ಕಬೊಂಗೊನ ಪಾತ್ರೆಯಂಚಿಗೆ
ಅನ್ನ ಒಣಗಿ ಅಂಟಿತ್ತು. ನಾಲ್ಕಗುಳು ಬಿಡಿಸಿ
ರಟ್ಟಿನ ಮೂಲೆಯಲ್ಲಿಟ್ಟು ಮುಚ್ಚಿದೆ.
ಹುಳ ಬಂದೀತು, ಗೊತ್ತು.